ಹಿನ್ನೀರಿನ ಆಚೆಯ ನರ್ಸಮ್ಮ: ನಮ್ಮ ಅಮ್ಮನನ್ನು ಕಂಡವರು ಇದ್ದರೆ ಬರೆಯಿರಿ

ಸಾಗರದ ಮಗಳು

ನಮಸ್ಕಾರ. ನಮ್ಮ ಅಮ್ಮ ಹೋದ ತಿಂಗಳು ತೀರಿಕೊಂಡಳು. 72 ವರ್ಷ ಆಗಿತ್ತು. ಶರಾವತಿ ಹಿನ್ನೀರಿನ ಆಚೆ, ತುಮರಿ ಸುತ್ತಲಿನ ಊರುಗಳಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ಸರ್ಕಾರದ ಕಾಗದದಲ್ಲಿ ಕಿರಿಯ ಆರೋಗ್ಯ ಸಹಾಯಕಿ. ಊರವರ ಬಾಯಲ್ಲಿ ನರ್ಸಮ್ಮ. 1976ರಲ್ಲಿ ಕೆಲಸಕ್ಕೆ ಸೇರಿದಳು, 2013ರಲ್ಲಿ ನಿವೃತ್ತಿ ಆಯಿತು. ಕರೂರು ಹೋಬಳಿ ಕಡೆಯವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ತವರು ಕುಂದಾಪುರದ ಹತ್ತಿರ. ಮದುವೆಯಾಗಿ ಬಂದದ್ದು ಸಾಗರಕ್ಕೆ. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಮ್ಮನ ಕೆಲಸ ನೀರಿನ ಆಚೆ. ಸೋಮವಾರ ಬೆಳಗ್ಗೆ ಬಸ್ಸು, ಆಮೇಲೆ ಹಿನ್ನೀರು ದಾಟಿಸುವ ಲಾಂಚ್, ಆಮೇಲೆ ನಡಿಗೆ. ವಾರವಿಡೀ ಅಲ್ಲಿನ ಕ್ವಾರ್ಟರ್ಸ್. ಶನಿವಾರ ಸಂಜೆ ಮನೆಗೆ. ನನ್ನನ್ನೂ ತಮ್ಮನನ್ನೂ ಸಾಕಿದ್ದು ಅಪ್ಪನ ತಾಯಿ. ಶನಿವಾರ ಸಂಜೆ ನಾವಿಬ್ಬರೂ ಗೇಟಿನ ಮೇಲೆ ಹತ್ತಿ ಕೂತಿರುತ್ತಿದ್ದೆವು. ಕೆಲವು ಶನಿವಾರ ಅಮ್ಮ ಬರುತ್ತಿರಲಿಲ್ಲ. ಫೋನ್ ಇಲ್ಲದ ಕಾಲ. ಭಾನುವಾರ ಯಾರಾದರೂ ಬಂದು ಹೇಳಿದರೆ ಗೊತ್ತಾಗುತ್ತಿತ್ತು, ಇಲ್ಲಾಂದ್ರೆ ಇಲ್ಲ.

ನಿಜ ಹೇಳುತ್ತೇನೆ, ನನಗೆ ಆಗ ತುಂಬಾ ಸಿಟ್ಟಿತ್ತು. ಅಮ್ಮ ನಮಗಿಂತ ಆಚೆಯವರಿಗೇ ಜಾಸ್ತಿ ಅಮ್ಮ ಅನ್ನಿಸುತ್ತಿತ್ತು. ದೊಡ್ಡವಳಾದ ಮೇಲೂ ಆ ಸಿಟ್ಟು ಪೂರ್ತಿ ಹೋಗಲಿಲ್ಲ.

ಈಗ ಅಮ್ಮನ ಟ್ರಂಕ್ ತೆಗೆದಾಗ 31 ಡೈರಿ ಸಿಕ್ಕಿವೆ. ಎಲ್‌ಐಸಿ ಏಜೆಂಟರು ಕೊಡುತ್ತಿದ್ದ ಡೈರಿಗಳು. ಆಫೀಸಿನ ರಿಜಿಸ್ಟರ್ ಬೇರೆ ಇತ್ತು, ಇದು ಅವಳದೇ. ಒಂದು ಪುಟ ನೋಡಿ, ಇದ್ದ ಹಾಗೇ ಬರೆಯುತ್ತೇನೆ: "ತೂಕ 2.1. ಹಾಲು ಎಳೀತಿಲ್ಲ. ನಾಳೆ ಮತ್ತೆ ಹೋಗುವುದು. ಮಗಳಿಗೆ ಬಿಳಿ ಕ್ಯಾನ್ವಾಸ್ ಶೂ. ಸಂಕದ ಹಲಗೆ ಮುರಿದಿದೆ, ಪಂಚಾಯ್ತಿಗೆ ಹೇಳಬೇಕು." ಎಲ್ಲ ಒಂದೇ ಪೆನ್ನು, ಒಂದೇ ಉಸಿರು. ಯಾರದೋ ಮಗುವಿನ ತೂಕದ ಕೆಳಗೆ ನನ್ನ ಶೂ.

ಒಂದು ಪುಟ ಮಾತ್ರ ನನಗೆ ಬಿಡಿಸಲು ಆಗಿಲ್ಲ. 1987ರ ದೀಪಾವಳಿ. ನನಗೆ ಆಗ 8 ವರ್ಷ. ಹಬ್ಬ ಶುರುವಾಗುವ ದಿನ, ಬೂರೆ ನೀರು ತರುವ ದಿನ, ಸಂಜೆ ಬಂದೇ ಬರ್ತೀನಿ ಅಂದಿದ್ದಳು. ಬರಲಿಲ್ಲ. ಬಂದದ್ದು ದೊಡ್ಡಹಬ್ಬದ ದಿನ, ಗೋಪೂಜೆ ಮುಗಿದು ದನ ಬಿಟ್ಟ ಮೇಲೆ. ಆ ಮೂರು ದಿನಕ್ಕೂ ಡೈರಿಯಲ್ಲಿ ಇರುವುದು ಎರಡೇ ಪದ: "ಲಾಂಚ್ ಇಲ್ಲ." ದಿನಾ ಏನಾದರೂ ಬರೆಯುವವಳು ಅಷ್ಟೇ ಬರೆದು ಬಿಟ್ಟಿದ್ದಾಳೆ. ಆ ಹಬ್ಬದ ಬಗ್ಗೆ ಯಾರಿಗಾದರೂ ನೆನಪಿದೆಯಾ? ಅದಿಲ್ಲದಿದ್ದರೂ ಪರವಾಗಿಲ್ಲ. ಅಮ್ಮನ ಬಗ್ಗೆ ಏನು ನೆನಪಿದ್ದರೂ ಬರೆಯಿರಿ.

ಬ್ಯಾಕೋಡಿನವ

ಅವರ ಆತ್ಮಕ್ಕೆ ಶಾಂತಿ ಸಿಗಲಿ ಅಕ್ಕಾ. ನನ್ನ ಎಡತೋಳಿನ ಬಿಸಿಜಿ (ಕ್ಷಯದ ಲಸಿಕೆ) ಗುರುತು ಅವರದೇ ಕೈಯದು. ನನ್ನದೊಂದೇ ಅಲ್ಲ, ನಮ್ಮ ಶಾಲೆಯ ಅರ್ಧ ಮಕ್ಕಳದು. ಅವರು ಬರುವುದು ದೂರದಿಂದಲೇ ಗೊತ್ತಾಗುತ್ತಿತ್ತು. ಮಳೆಗಾಲದಲ್ಲೂ ಕೊಡೆ ಜಾಸ್ತಿ ಬಳಸುತ್ತಿರಲಿಲ್ಲ, ನಮ್ಮ ಅಜ್ಜನ ಹಾಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಬರುತ್ತಿದ್ದರು. ಒಂದು ಕೈಯಲ್ಲಿ ಲಸಿಕೆ ಡಬ್ಬಿ. ಜಗಲಿಗೆ ಬಂದು ಮೊದಲು ಮಾಡುವ ಕೆಲಸ ಕಾಲಿನ ಇಂಬಳ (ಜಿಗಣೆ) ಕೀಳುವುದು. ನಮ್ಮಮ್ಮ ಸುಣ್ಣ ತಂದು ಕೊಡುತ್ತಿದ್ದಳು. ನಾವು ಅಷ್ಟರಲ್ಲಿ ಅಟ್ಟ ಹತ್ತಿ ಅಡಗಿರುತ್ತಿದ್ದೆವು. "ಇಳೀರಿ, ಇವತ್ತು ನಿಮಗಲ್ಲ, ತಮ್ಮನಿಗೆ ಮಾತ್ರ" ಅನ್ನುತ್ತಿದ್ದರು. ಹಾಗೆ ಹೇಳಿದರೆ ಹಾಗೇ. ಒಂದು ದಿನವೂ ಸುಳ್ಳು ಹೇಳಿ ಚುಚ್ಚಿದವರಲ್ಲ.

ಹಳೆಯ ಡಾಕ್ಟರ್

ನಾನು ಆ ಕಡೆಯ ಆರೋಗ್ಯ ಕೇಂದ್ರದಲ್ಲಿ ಕೆಲವು ವರ್ಷ ವೈದ್ಯಾಧಿಕಾರಿ ಆಗಿದ್ದೆ. ನಿಮ್ಮ ತಾಯಿಯವರ ಜೊತೆ ಕೆಲಸ ಮಾಡಿದ್ದೇನೆ. ಸುದ್ದಿ ತಡವಾಗಿ ತಿಳಿಯಿತು, ಬೇಸರ ಆಯಿತಮ್ಮ.

ಈಗಿನವರಿಗೆ ಆ ಕೆಲಸ ಏನು ಅಂತ ಗೊತ್ತಾಗಲಿ ಅಂತ ಸ್ವಲ್ಪ ಬರೆಯುತ್ತೇನೆ. ಬಯಲು ಸೀಮೆಯಲ್ಲಿ 5000 ಜನರಿಗೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3000 ಜನರಿಗೆ ಒಂದು. ಕಾಗದದ ಮೇಲೆ ನೋಡಿದರೆ ನಮ್ಮ ಕಡೆಯದೇ ಸುಲಭ ಅಲ್ವಾ? ಆದರೆ ಅಲ್ಲಿ ಒಂದು ಗುಡ್ಡಕ್ಕೆ ಒಂದೇ ಮನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಹಳೆಯ ದಾರಿಗಳು ನೀರಿನಡಿ ಹೋದವು. ಕೂಗಿದರೆ ಕೇಳಿಸುವ ಎದುರು ದಿಬ್ಬಕ್ಕೆ ಹೋಗಲು ಸುತ್ತು ಹೊಡೆಯಬೇಕು, ಇಲ್ಲವೇ ದೋಣಿ ಸಿಗಬೇಕು. ಹತ್ತು ಮಕ್ಕಳಿಗೆ ಲಸಿಕೆ ಹಾಕಲು ಒಂದು ಇಡೀ ದಿನ.

ಅವರು ಸೇರಿದ ಹೊಸತರಲ್ಲಿ ಕೊಟ್ಟ ಕೆಲಸ ಸಿಡುಬು ಹುಡುಕುವುದು. 1975ರ ಮೇ ತಿಂಗಳೇ ದೇಶದ ಕೊನೆಯ ಸಿಡುಬು. ಆದರೂ ಎಲ್ಲಿಯೂ ಉಳಿದಿಲ್ಲ ಅಂತ ಖಾತ್ರಿ ಆಗಬೇಕಿತ್ತು. 1977ರವರೆಗೆ ಮನೆಮನೆಗೆ ಹೋಗಿ, ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡ್ ತೋರಿಸಿ, ಇಂಥದ್ದು ನೋಡಿದ್ದೀರಾ ಅಂತ ಕೇಳುವುದು. ಇಲ್ಲ ಅನ್ನುವ ಉತ್ತರ ಹುಡುಕಿಕೊಂಡೇ ಆ ಹೋಬಳಿ ಪೂರ್ತಿ ನಡೆದೆ ಅಂತ ನಿಮ್ಮ ತಾಯಿ ಹೇಳುತ್ತಿದ್ದರು. ಹಾಗಾಗಿ 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಬರುವ ಹೊತ್ತಿಗೆ ಅವರಿಗೆ ಗೊತ್ತಿಲ್ಲದ ಮನೆ ಇರಲಿಲ್ಲ. ಕ್ಷಯ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ. ಆರು ರೋಗ, ಒಂದು ಡಬ್ಬಿ, ಒಬ್ಬ ಹೆಂಗಸು.

ಒಂದು ದೃಶ್ಯ ನನ್ನ ಕಣ್ಣಲ್ಲಿ ಇನ್ನೂ ಇದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಕೊಡುವ ಡಿಪಿಟಿ ಲಸಿಕೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಪೋಲಿಯೊ ಹನಿ ಬಿಸಿಯಾದರೆ ಕೆಲಸಕ್ಕೆ ಬಾರದು. ಎರಡೂ ಒಂದೇ ಡಬ್ಬಿಯಲ್ಲಿ, ನಾಲ್ಕು ಐಸ್‌ಪ್ಯಾಕ್ ನಡುವೆ. ಕೆಟ್ಟಿದೆ ಅಂತ ಬಣ್ಣ ಬದಲಿಸಿ ತೋರಿಸುವ ಗುರುತು ಆಗ ಬಾಟಲಿ ಮೇಲೆ ಇರಲಿಲ್ಲ. ನಿಮ್ಮ ತಾಯಿ ಡಿಪಿಟಿ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ, ಕಿಟಕಿ ಬೆಳಕಿಗೆ ಹಿಡಿದು, ಸುಮ್ನೆ ನಿಲ್ಲುತ್ತಿದ್ದರು. ತಳದಲ್ಲಿ ಚೂರು ಚೂರಾಗಿ ಕೂತರೆ ಹೆಪ್ಪುಗಟ್ಟಿ ಕರಗಿದ್ದು ಅಂತ ಅರ್ಥ. ಒಮ್ಮೆ ಹಾಗೆ ಕಂಡಿತು. ಇಪ್ಪತ್ತಕ್ಕೂ ಜಾಸ್ತಿ ತಾಯಂದಿರು ಕಾದು ಕೂತಿದ್ದರು. ಎಲ್ಲರಿಗೂ ಕೈಮುಗಿದು ವಾಪಸ್ ಕಳಿಸಿದರು. ಮರುದಿನ ಹೊಸ ಲಸಿಕೆ ತೆಗೆದುಕೊಂಡು ತಾವೇ ಅವರವರ ಮನೆಗೆ ಹೋದರು. ನಾನು ಹೇಳಿದ್ದಲ್ಲ. ಹೇಳುವ ಮೊದಲೇ ಹೊರಟಿದ್ದರು.

ಕಳಸವಳ್ಳಿ ಭಾವ

ಡಾಕ್ಟರ್ ಸಾಹೇಬ್ರು ಬರೆದದ್ದು ನೂರಕ್ಕೆ ನೂರು ನಿಜ. ಗಾಜಿನ ಸಿರಿಂಜ್ ಕಾಲ ಅದು. ಸೀಮೆಎಣ್ಣೆ ಸ್ಟೌ ಮೇಲೆ ಸಿರಿಂಜ್ ಕುದಿಯುತ್ತಿದ್ದರೆ ನಮ್ಮ ಎದೆಯೂ ಕುದಿಯುತ್ತಿತ್ತು.

ತಂಗ್ಯವ್ವಾ, ಒಂದು ವಿಷಯ. ಹೇಳಲೋ ಬೇಡವೋ ಅಂತ ಯೋಚಿಸಿದೆ. 1987ರ ದೀಪಾವಳಿಗೆ ಲಾಂಚ್ ಇತ್ತು. ನನಗೆ ಖಾತ್ರಿ ನೆನಪಿದೆ. ಆ ವರ್ಷ ನಮ್ಮ ಅಕ್ಕನ ಮದುವೆ ಆಗಿತ್ತು, ಹೊಸ ಅಳಿಯನ ಮೊದಲ ಹಬ್ಬ. ಬೂರೆ ದಿನ ಸಂಜೆ ಕೊನೆಯ ಲಾಂಚಿಗೆ ಬಾವನನ್ನು ಕರೆದುಕೊಂಡು ಬಂದದ್ದು ನಾನೇ. ಮಳೆಗಾಲದಲ್ಲಿ ಗಾಳಿ ಎದ್ದು ಲಾಂಚ್ ನಿಲ್ಲುವುದು ಇತ್ತು, ಮೆಷಿನ್ ಕೆಟ್ಟು ನಿಲ್ಲುವುದೂ ಇತ್ತು. ಆ ಸಂಜೆ ಹಾಗೇನೂ ಆಗಿರಲಿಲ್ಲ. ನಿಮ್ಮ ಅಮ್ಮ ಯಾಕೆ ಹಾಗೆ ಬರೆದರೋ ನನಗೆ ಗೊತ್ತಿಲ್ಲ. ಮನಸ್ಸಿಗೆ ನೋವು ಮಾಡಬೇಕು ಅಂತ ಬರೆದದ್ದಲ್ಲ, ತಪ್ಪು ತಿಳಿಯಬೇಡಿ.

ಸಾಗರದ ಮಗಳು

ಇಲ್ಲ ಅಣ್ಣಾ, ತಪ್ಪು ಯಾಕೆ ತಿಳಿಯಲಿ. ಬರೆದದ್ದು ಒಳ್ಳೆಯದಾಯಿತು. ಆದರೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮಗೂ ಅವಳು ಬಂದು ಹೇಳಿದ್ದು ಅದೇ. ಲಾಂಚ್ ಇರಲಿಲ್ಲ ಪುಟ್ಟಾ ಅಂತ.

ತೀರ್ಥಹಳ್ಳಿ ಸೊಸೆ

ನಿಮ್ಮ ದುಃಖದ ಹೊತ್ತಲ್ಲಿ ಇದನ್ನು ಬರೆಯಬಾರದೇನೋ. ಆದರೆ ನರ್ಸಮ್ಮಂದಿರ ಬಗ್ಗೆ ಎಲ್ಲರ ನೆನಪೂ ಒಂದೇ ಥರ ಇಲ್ಲ. ನಮ್ಮ ಕಡೆ ನನ್ನ ಅತ್ತೆಗೆ ಮೂರನೇ ಮಗು ಆಗಿ ತಿಂಗಳೂ ಆಗಿರಲಿಲ್ಲ, ಆಪರೇಷನ್ ಮಾಡಿಸಿಕೊಳ್ಳಿ ಅಂತ ವಾರಕ್ಕೆರಡು ಸಲ ಬಂದು ಕೂರುತ್ತಿದ್ದರಂತೆ. ಕ್ಯಾಂಪಿಗೆ ಜೀಪಿನಲ್ಲಿ ಕರೆದುಕೊಂಡು ಹೋದರು. ಆಮೇಲೆ ಹೊಟ್ಟೆನೋವು ಅಂದಾಗ ಕೇಳುವವರು ಯಾರೂ ಇರಲಿಲ್ಲ. ಅತ್ತೆ ಈಗಲೂ ಬಿಳಿ ಸೀರೆ ಕಂಡರೆ ಒಳಗೆ ಹೋಗುತ್ತಾರೆ. ನಿಮ್ಮ ಅಮ್ಮ ಅಂಥವರು ಅಂತ ಹೇಳುತ್ತಿಲ್ಲ. ಆ ಕಾಲದ ಮಾತು ಬಂದಿದ್ದಕ್ಕೆ ಇದೂ ಇರಲಿ ಅಂತ.

ಸಾಗರದ ಮಗಳು

ಬರೆಯಬೇಕಾದ್ದೇ ಅಕ್ಕಾ. ಮುಚ್ಚಿಡಲು ನನಗೂ ಇಷ್ಟ ಇಲ್ಲ.

ನಮ್ಮ ಮನೆಯಲ್ಲಿ ಮಾರ್ಚ್ ತಿಂಗಳು ಅಂದರೆ ಅಮ್ಮನ ಸಿಡುಕಿನ ತಿಂಗಳು. ವರ್ಷದ ಟಾರ್ಗೆಟ್ ಮುಗಿಸಬೇಕು. ಇಷ್ಟು ಆಪರೇಷನ್, ಇಷ್ಟು ಕಾಪರ್-ಟಿ. ಆಗದಿದ್ದರೆ ಸಂಬಳ ತಡೆಯುತ್ತೇವೆ ಅಂತ ಮೀಟಿಂಗಿನಲ್ಲಿ ಎಲ್ಲರೆದುರು ನಿಲ್ಲಿಸಿ ಹೇಳುತ್ತಿದ್ದರಂತೆ. ಒಂದು ವರ್ಷ ಎರಡು ತಿಂಗಳ ಸಂಬಳ ಬರಲೇ ಇಲ್ಲ, ಅಪ್ಪ ಸಾಲ ಮಾಡಿದ್ದು ನನಗೇ ನೆನಪಿದೆ. 1991ರ ಮಾರ್ಚ್ ಪುಟದಲ್ಲಿ ಹೀಗಿದೆ: "ಒಪ್ಪಲಿಲ್ಲ. ಅತ್ತಳು. ಮತ್ತೆ ಹೋಗಬೇಕಂತೆ. ನಾಚಿಕೆ ಆಗುತ್ತದೆ." ಮತ್ತೆ ಹೋದಳಾ ಇಲ್ಲವಾ ಅಂತ ಬರೆದಿಲ್ಲ. ಹೋಗಿರಬಹುದು ಅಂತಲೇ ನನಗೆ ಅನ್ನಿಸುತ್ತದೆ. ನಿಮ್ಮ ಅತ್ತೆಯವರಿಗೆ ಆದದ್ದಕ್ಕೆ ನನ್ನಿಂದ ಏನೂ ಹೇಳಲು ಆಗದು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಹಳೆಯ ಡಾಕ್ಟರ್

ಇದರಲ್ಲಿ ನನ್ನ ಪಾಲೂ ಇದೆ. ಮೇಲಿನಿಂದ ನಂಬರ್ ಬರುತ್ತಿತ್ತು, ನಾನು ಹಂಚುತ್ತಿದ್ದೆ. 1996ರ ಏಪ್ರಿಲ್‌ನಿಂದ ದೇಶದಾದ್ಯಂತ ಆ ಟಾರ್ಗೆಟ್ ಪದ್ಧತಿ ತೆಗೆದರು. ನಾನು ಆಗ ಬೇರೆ ಕಡೆ ಇದ್ದೆ. ನಿಮ್ಮ ತಾಯಿ ಒಂದು ಕಾರ್ಡ್ ಬರೆದಿದ್ದರು: "ಇನ್ನು ಮುಂದೆ ಮನೆಗಳಿಗೆ ಮುಖ ಎತ್ತಿಕೊಂಡು ಹೋಗಬಹುದು ಸಾರ್." ಆ ಮಾತು ನನಗೂ ತಾಗಿತ್ತು.

ಆಶಾ ಅಕ್ಕ

ನಾನು ಆಶಾ ಕಾರ್ಯಕರ್ತೆ. ಸೇರಿದ ಹೊಸತರಲ್ಲಿ ನನಗೆ ಕೆಲಸ ಕಲಿಸಿದ್ದೇ ಈ ನರ್ಸಮ್ಮ. ಟ್ರೈನಿಂಗಿನಲ್ಲಿ ಪುಸ್ತಕ ಕೊಟ್ಟರು, ಚಾರ್ಟ್ ಕೊಟ್ಟರು. ಇವರು ಕಲಿಸಿದ್ದು ಬೇರೆ.

"ಮನೆಗೆ ಹೋದ ಕೂಡಲೇ ಪುಸ್ತಕ ತೆಗೀಬೇಡ ಮಾರಾಯ್ತಿ. ಕುಡಿಯೋಕೆ ನೀರು ಕೇಳು. ನೀರು ತರೋಕೆ ಬಸುರಿ ಹೆಂಗಸೇ ಏಳ್ತಾಳೆ. ಅವಳು ಏಳೋದು ನೋಡು. ನಡೆಯೋವಾಗ ಕಾಲು ಬಾತಿದೆಯಾ ನೋಡು. ಲೋಟ ಕೊಡೋವಾಗ ಉಗುರು ನೋಡು, ಬೆಳ್ಳಗಿದೆಯಾ ಅಂತ. ಅರ್ಧ ತಪಾಸಣೆ ಅಲ್ಲೇ ಮುಗೀತು. ಆಮೇಲೆ ಕೂತು ಮಾತಾಡು."

ನಾನು ಇವತ್ತಿಗೂ ನೀರು ಕೇಳುತ್ತೇನೆ. ಬಾಯಾರಿಕೆ ಇರಲಿ ಇಲ್ಲದಿರಲಿ.

ಇನ್ನೊಂದು ಹೇಳಬೇಕು. 2019ರಲ್ಲಿ ಅರಳಗೋಡು ಕಡೆ ಉಣುಗು ಹುಳ ಕಚ್ಚಿ ಹರಡುವ ಮಂಗನ ಕಾಯಿಲೆ ಜೋರಾಯಿತಲ್ಲ, ಎಲ್ಲರಿಗೂ ನೆನಪಿರಬಹುದು. ಆಗ ಇವರು ನಿವೃತ್ತರಾಗಿ ಆರು ವರ್ಷ. ಯಾರೂ ಕರೆಯಲಿಲ್ಲ. ಒಂದು ಬೆಳಗ್ಗೆ ಬಸ್ಸಿಳಿದು ನಮ್ಮ ಎದುರು ನಿಂತಿದ್ದರು. ಆ ಲಸಿಕೆ ತುಂಬಾ ನೋಯುತ್ತಿತ್ತು, ಚುಚ್ಚಿದ ಜಾಗ ಉರಿಯುತ್ತಿತ್ತು. ಒಂದು ಸಲ ಹಾಕಿಸಿಕೊಂಡವರು ಒಂದು ತಿಂಗಳ ಮೇಲೆ ಎರಡನೆಯದಕ್ಕೆ ಬರುತ್ತಲೇ ಇರಲಿಲ್ಲ. ಬರೀ ಒಂದರಿಂದ ಪ್ರಯೋಜನ ಇಲ್ಲ, ಆಮೇಲೆ ಬೂಸ್ಟರ್ ಬೇರೆ. ಇವರು ಜಗಲಿಯಲ್ಲಿ ಕೂತು ಹೇಳುತ್ತಿದ್ದರು: "ನೋಯುತ್ತೆ. ನೋಯಲ್ಲ ಅಂತ ಹೇಳೋಕೆ ನಾನು ಬಂದಿಲ್ಲ. ಜೊತೆಗೆ ಕೂರೋಕೆ ಬಂದಿದ್ದೀನಿ." ಕಾಡಿಗೆ ದರಕು (ತರಗೆಲೆ) ಗುಡಿಸಿ ತರಲು ಹೋಗುವ ಹೆಂಗಸರಿಗೆ, ಉಣುಗು ಹತ್ತದ ಹಾಗೆ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚುವುದು ತೋರಿಸಿದರು. ವಾಪಸ್ ಬಂದಮೇಲೆ ಬಿಸಿನೀರಲ್ಲಿ ಮಿಂದು ಮೈಮೇಲೆ ಉಣುಗು ಇದೆಯಾ ಹುಡುಕಿ ಅಂತ ಹೇಳಿಕೊಟ್ಟರು. ಎಷ್ಟೋ ಮನೆಯವರು ಅವರ ಮುಖ ನೋಡಿ ಎರಡನೇ ಸೂಜಿಗೆ ಬಂದರು.

ಆ ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ. ಕ್ಯಾಸನೂರು ಕಾಡಿನಲ್ಲಿ ಕಾಯಿಲೆ ಕಂಡದ್ದು 1957ರಲ್ಲಿ. ಇಷ್ಟು ವರ್ಷ ಆಯಿತು. ಸಿಡುಬು ಹೋದದ್ದು ನೋಡಿದೆ, ಪೋಲಿಯೊ ಹೋದದ್ದೂ ನೋಡಿದೆ, ಇದು ಹೋಗೋದು ನೋಡಬೇಕಿತ್ತು ಅನ್ನುತ್ತಿದ್ದರು.

ಬ್ಯಾಕೋಡಿನವ

ಪೋಲಿಯೊ ಅಂದಾಗ ನೆನಪಾಯಿತು. 1995ರ ಡಿಸೆಂಬರ್‌ನಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ನಮ್ಮ ಶಾಲೆಯೇ ಬೂತ್. ನಾವು ದೊಡ್ಡ ಮಕ್ಕಳು ಸ್ವಯಂಸೇವಕರು. ಹಗಲೆಲ್ಲ ಹನಿ ಹಾಕಿ ಸಂಜೆ ಪಟ್ಟಿ ನೋಡಿದರೆ ಒಂದು ಮಗು ಬಂದಿಲ್ಲ. ದಿಬ್ಬದ ಮೇಲಿನ ಮನೆ. ಬ್ಯಾಟರಿ ಹಿಡಿದುಕೊಂಡು ನಾನು, ಮೇಷ್ಟ್ರು, ನರ್ಸಮ್ಮ ಮೂವರೂ ಹೋದೆವು. ಮಗು ನಿದ್ದೆ ಮಾಡುತ್ತಿತ್ತು. ಎಬ್ಬಿಸಬೇಡಿ ಅಂದರು. ಕೆಳತುಟಿ ಸ್ವಲ್ಪ ಒತ್ತಿ ಎರಡು ಹನಿ ಬಿಟ್ಟರು. ಮಗು ಚಪ್ಪರಿಸಿ ಹಾಗೇ ಮಲಗಿತು. ಅಷ್ಟಕ್ಕಾಗಿ ಒಂದೂವರೆ ತಾಸು ನಡೆದಿದ್ದೆವು. 2014ರಲ್ಲಿ ಭಾರತಕ್ಕೆ ಪೋಲಿಯೊ ಇಲ್ಲ ಅಂತ ಘೋಷಣೆ ಆದ ದಿನ ಟಿವಿಯಲ್ಲಿ ಯಾರ್ಯಾರನ್ನೋ ತೋರಿಸಿದರು. ನನಗೆ ಕಂಡದ್ದು ಆ ಬ್ಯಾಟರಿ ಬೆಳಕು.

ಮೊಮ್ಮಗಳು

ನಾನು ಮೊಮ್ಮಗಳು. ಅಮ್ಮ ಬರೆದದ್ದು ಓದಿ ನನಗೂ ಬರೆಯಬೇಕು ಅನ್ನಿಸಿತು. ನನ್ನ ಕನ್ನಡ ಬರವಣಿಗೆ ಅಷ್ಟಕ್ಕಷ್ಟೇ, ಹೊಟ್ಟೆಗೆ ಹಾಕಿಕೊಳ್ಳಿ.

ನಿಮಗೆಲ್ಲ ನರ್ಸಮ್ಮ, ನನಗೆ ಅಮ್ಮಮ್ಮ. ನನಗೆ ಸಿಕ್ಕಿದ್ದು ನಿವೃತ್ತಿ ಆದ ಅಮ್ಮಮ್ಮ, ಹಾಗಾಗಿ ಪೂರ್ತಿಯಾಗಿ ಸಿಕ್ಕಿದಳು. ಬೇಸಿಗೆ ರಜೆಯಲ್ಲಿ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಪರ್ಸಿನಿಂದ ಮೂರು ಬಣ್ಣದ ಪಟ್ಟಿ ತೆಗೆಯುತ್ತಿದ್ದಳು. ಚಿಕ್ಕ ಮಕ್ಕಳ ತೋಳಿನ ಸುತ್ತಳತೆ ನೋಡುವ ಪಟ್ಟಿ. ಕೆಂಪಿಗೆ ಬಂದರೆ ಮಗು ತುಂಬಾ ಸೊರಗಿದೆ, ಹಳದಿ ಅಂದರೆ ಹುಷಾರು, ಹಸಿರು ಅಂದರೆ ಸರಿ ಇದೆ. ಅದು ಐದು ವರ್ಷದೊಳಗಿನ ಮಕ್ಕಳಿಗೆ. ನನಗೆ ಹತ್ತಾದರೂ ಅಳೆಯುತ್ತಿದ್ದಳು. ಪಟ್ಟಿ ಸುತ್ತಿ ಬರುತ್ತಲೇ ಇರಲಿಲ್ಲ. "ಹಸಿರು ದಾಟಿದೆ, ಒಳಗೆ ಬಾ" ಅನ್ನುತ್ತಿದ್ದಳು. ಆ ಪಟ್ಟಿ ಈಗ ನನ್ನ ಹತ್ತಿರ ಇದೆ. ಹಳದಿ ಬಣ್ಣದ ಜಾಗದಲ್ಲಿ ಬೆರಳಿನ ಉಜ್ಜಿಗೆ ಬಣ್ಣ ಪೂರ್ತಿ ಹೋಗಿದೆ. ಎಷ್ಟು ಮಕ್ಕಳ ತೋಳು ಅಲ್ಲಿಗೆ ಬಂದು ನಿಂತಿರಬೇಕು.

2021ರ ಮಾರ್ಚ್‌ನಲ್ಲಿ 60 ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾದಾಗ ನಮ್ಮ ಬೀದಿಯ ಅಜ್ಜ ಅಜ್ಜಿಯರ ಪಟ್ಟಿ ಮಾಡಿದಳು. ಪೆನ್ಸಿಲಿನಲ್ಲಿ, ಗೆರೆ ಎಳೆದು, ಬಿಪಿ ಇರುವವರಿಗೆ ಚುಕ್ಕಿ ಹಾಕಿ. ನಾನು ಫೋನಿನಲ್ಲಿ ಹೆಸರು ನೋಂದಾಯಿಸಿದೆ. ಮೊದಲ ಸರದಿ ತನ್ನದು. ಸೂಜಿ ಹಾಕಿದ ಹುಡುಗಿಗೆ "ಕೈ ಚೆನ್ನಾಗಿದೆ ನಿಂದು" ಅಂದಳು. ಆ ಹುಡುಗಿಗೆ ತುಂಬಾ ಖುಷಿ ಆಯಿತು.

ಹೋದ ವರ್ಷ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತಲ್ಲ, ಅದಾಗಿ ಸ್ವಲ್ಪ ದಿನಕ್ಕೆ ಅಮ್ಮಮ್ಮನನ್ನು ಕರೆದುಕೊಂಡು ಹೋದೆವು. 2 ಕಿಲೋಮೀಟರಿಗೂ ಉದ್ದದ ಸೇತುವೆ. ಕಾರು ಹತ್ತಿದಾಗ ವಾಚ್ ನೋಡಿದಳು, ಇಳಿದಾಗ ಮತ್ತೆ ನೋಡಿದಳು. ನಾಡಿ ಎಣಿಸುವಾಗ ನೋಡುತ್ತಿದ್ದಳಲ್ಲ, ಹಾಗೆ. ಆಚೆ ದಡದಲ್ಲಿ ಕಾರು ನಿಲ್ಲಿಸಿ ಹೇಗನಿಸಿತು ಅಂತ ಕೇಳಿದೆ. ಈಗ ನೋವು ಶುರುವಾದರೆ ರಾತ್ರಿಯೂ ಹೊರಡಬಹುದು ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಲಾಂಚ್‌ನಲ್ಲಿ ಕೂತಾಗ ಮಾತ್ರ ನನ್ನನ್ನು ಯಾರೂ ಕರೀತಿರಲಿಲ್ಲ, ಅಲ್ಲೇ ಬರೀತಿದ್ದದ್ದು ಅಂದಳು. ಡೈರಿಯ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಏನು ಬರೀತಿದ್ದೆ ಅಂತ ಕೇಳಬೇಕಿತ್ತು.

ಸಾಗರದ ಮಗಳು

ಮಗಳೇ, ಇದನ್ನು ನೀನು ನನಗೆ ಹೇಳಿರಲೇ ಇಲ್ಲ. ಡೈರಿಯಲ್ಲಿ ಅಕ್ಷರ ಯಾಕೆ ಅಲ್ಲಾಡಿದ ಹಾಗಿದೆ ಅಂತ ಈಗ ಗೊತ್ತಾಯಿತು.

ಆಚೆದಂಡೆ ತಂಗಿ

ಅಕ್ಕಾ, ನಾನು ಇಲ್ಲಿ ಓದುವವಳು ಅಷ್ಟೇ, ಬರೆದು ಅಭ್ಯಾಸ ಇಲ್ಲ. ಮೂರು ದಿನದಿಂದ ಬರೆಯಲೋ ಬೇಡವೋ ಅಂತ ಇದ್ದೆ. ನನ್ನ ಅಕ್ಕನನ್ನು ಕೇಳಿದೆ. ಬರಿ ಅಂದಳು.

1987ರ ದೀಪಾವಳಿಗೆ ನಿಮ್ಮ ಅಮ್ಮ ಇದ್ದದ್ದು ನಮ್ಮ ಮನೆಯಲ್ಲಿ.

ಅಕ್ಕನಿಗೆ ಆಗ 19 ವರ್ಷ, ಚೊಚ್ಚಲ ಹೆರಿಗೆ. ಹಬ್ಬಕ್ಕೆ ಮೂರು ದಿನ ಮೊದಲು ನೋವು ಬಂತು. ಸೂಲಗಿತ್ತಿ ಅಜ್ಜಿ ಇದ್ದಳು, ನಿಮ್ಮ ಅಮ್ಮನನ್ನೂ ಕರೆಸಿದ್ದರು. ಮಗು ಹುಟ್ಟಿತು, ಅಳಲಿಲ್ಲ. ನನಗೆ 12 ವರ್ಷ. ಬಾಗಿಲ ಸಂದಿಯಿಂದ ನೋಡಿದ್ದೇನೆ. ನಿಮ್ಮ ಅಮ್ಮ ಮಗುವಿನ ಬೆನ್ನು ಉಜ್ಜಿದರು, ಬಾಯಿಗೆ ಬಾಯಿಟ್ಟು ಊದಿದರು. ತುಂಬಾ ಹೊತ್ತು ಮಾಡಿದರು. ಸೂಲಗಿತ್ತಿ ಅಜ್ಜಿ ಸಾಕು ಬಿಡು ಮಗಾ ಅಂದಮೇಲೂ ಮಾಡಿದರು.

ಅಕ್ಕ ಅಳಲಿಲ್ಲ. ಮಾತೇ ಆಡಲಿಲ್ಲ. ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರು. ಮೈಲಿಗೆ ಅಂತ ಯಾರೂ ಹತ್ತಿರ ಹೋಗುವ ಹಾಗಿಲ್ಲ. ಹಬ್ಬವೂ ನಿಂತಿತ್ತು, ಮನೆಯವರೆಲ್ಲ ಒಂಥರಾ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಬೂರೆ ದಿನ ಮಧ್ಯಾಹ್ನ ಅಕ್ಕನಿಗೆ ಎದೆಹಾಲು ಬಂತು. ಕುಡಿಯಲು ಮಗು ಇಲ್ಲ. ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ಜ್ವರ ಏರಿತು. ಆಗ ಅಕ್ಕ ಮೊದಲ ಸಲ ಕೂಗಿದಳು. ನನಗೆ ಭಯವಾಗಿ ಯಾರಿಗೂ ಹೇಳದೆ ಲಾಂಚ್ ಕಟ್ಟೆಗೆ ಓಡಿದೆ. ಈ ಸಂಜೆ ನರ್ಸಮ್ಮ ಊರಿಗೆ ಹೋಗುತ್ತಾರೆ ಅಂತ ಗೊತ್ತಿತ್ತು.

ಲಾಂಚ್ ಬಂದು ನಿಂತಿತ್ತು. ನಿಮ್ಮ ಅಮ್ಮ ಹತ್ತಿದ್ದರು. ನನ್ನನ್ನು ನೋಡಿ ಕೆಳಗೆ ಇಳಿದರು. ನಾನು ಏನು ಹೇಳಿದೆನೋ ನೆನಪಿಲ್ಲ. ಲಾಂಚಿನವರು ಕರೆದರು, ಇವರು ಕೈ ಅಲ್ಲಾಡಿಸಿ ಹೋಗಿ ಅಂದರು. ಲಾಂಚ್ ಹೋಯಿತು. ಅದು ಚಿಕ್ಕದಾಗುವವರೆಗೂ ನೋಡುತ್ತಾ ನಿಂತಿದ್ದರು. ಆಮೇಲೆ ನಡಿ ಅಂದರು.

ಅಕ್ಕನ ಹತ್ತಿರವೇ ಎರಡು ರಾತ್ರಿ, ಮೂರು ಹಗಲು. ಬಿಸಿನೀರಿನ ಬಟ್ಟೆ ಇಟ್ಟು, ಹಾಲು ಹಿಂಡಿ ಹಿಂಡಿ ತೆಗೆದರು. ತಲೆಗೆ ನೀರು ಹಾಕಿದರು. ಅದೇ ಕೋಣೆಯಲ್ಲಿ ಕೂತು ಅಕ್ಕನ ಜೊತೆ ಊಟ ಮಾಡಿದರು. ಮೈಲಿಗೆ ಅಲ್ವಾ ಅಂತ ದೊಡ್ಡಮ್ಮ ಕೇಳಿದ್ದಕ್ಕೆ, "ನನಗೂ ಇರಲಿ" ಅಂದರು. ಎರಡನೇ ರಾತ್ರಿ ಅಕ್ಕ ಅತ್ತಳು. ಬೆಳಗಿನ ಜಾವದವರೆಗೂ ಅತ್ತಳು. ನಿಮ್ಮ ಅಮ್ಮ ಒಂದು ಮಾತೂ ಹೇಳಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು.

ಇನ್ನೊಂದು ವಿಷಯ. ಇದನ್ನು ನಿಮಗೆ ಹೇಳಲೇಬೇಕು. ಆ ಅಮಾವಾಸ್ಯೆ ರಾತ್ರಿ ನಾನು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದೆ. ಎಲ್ಲರ ಮನೆಯಲ್ಲೂ ದೀಪ, ನಮ್ಮಲ್ಲಿ ಇಲ್ಲ. ನಿಮ್ಮ ಅಮ್ಮ ಹೊರಗೆ ಬಂದು ಚೀಲದಿಂದ ಸುರ್‌ಸುರ್ ಬತ್ತಿ ಪೊಟ್ಟಣ ತೆಗೆದರು. ಎರಡು ಕೊಟ್ಟರು. "ನನ್ನ ಮಗಳಿಗೆ ತಗೊಂಡದ್ದು. ಅವಳು ಏನೂ ಅನ್ನಲ್ಲ, ಹಚ್ಚು" ಅಂದರು. ಹಿತ್ತಲಿಗೆ ಹೋಗಿ ಹಚ್ಚಿದೆ.

ಆಮೇಲೆ ಅಕ್ಕನಿಗೆ ಇಬ್ಬರು ಗಂಡುಮಕ್ಕಳಾದರು. ಎರಡು ಸಲವೂ ದಿನ ತುಂಬುವ ಮೊದಲೇ ಅವಳನ್ನು ಲಾಂಚ್ ದಾಟಿಸಿ ಸಾಗರದ ಆಸ್ಪತ್ರೆಗೆ ಸೇರಿಸಿದ್ದು ನಿಮ್ಮ ಅಮ್ಮನೇ.

ಸಾಗರದ ಮಗಳು

ಹತ್ತರ ಪೊಟ್ಟಣದಲ್ಲಿ ಎಂಟೇ ಇದ್ದವು.

ನಾನು ಎಣಿಸಿದ್ದೆ. ತಮ್ಮನಿಗೆ ಐದು, ನನಗೆ ಐದು ಅಂತ ಹಂಚಬೇಕಿತ್ತು. ಎಂಟು ಬಂದದ್ದಕ್ಕೆ ದಾರಿಯಲ್ಲಿ ಯಾರಿಗೋ ಕೊಟ್ಟಿದ್ದೀಯಾ ಅಂತ ಜಗಳ ಮಾಡಿದೆ. ಹಬ್ಬಕ್ಕೆ ಬರಲಿಲ್ಲ, ಬತ್ತಿಯನ್ನೂ ಬೇರೆಯವರಿಗೆ ಕೊಟ್ಟೆ ಅಂತ ಪೊಟ್ಟಣ ಎಸೆದೆ. ಅಂಗಡಿಯವನು ಕಡಿಮೆ ಹಾಕಿರಬೇಕು ಪುಟ್ಟಾ ಅಂದಳು. ಎಸೆದದ್ದನ್ನು ಹೆಕ್ಕಿ ತಂದು ಒಲೆಯ ಹತ್ತಿರ ಒಣಗಲು ಇಟ್ಟಳು. ನಾನು ಅವತ್ತು ಅವಳ ಪಕ್ಕ ಮಲಗಲಿಲ್ಲ.

ಎಂಟು ವರ್ಷದ ಮಗುವಿಗೆ ಸತ್ತ ಮಗುವಿನ ವಿಷಯ ಹೇಗೆ ಹೇಳುತ್ತಾಳೆ. ಅದು ಅರ್ಥವಾಗುತ್ತದೆ. ಆದರೆ ನನಗೂ ಮಗಳು ಹುಟ್ಟಿದಳು, ನಾನೂ ತಾಯಿ ಆದೆ, ಆಗಲಾದರೂ ಹೇಳಬಹುದಿತ್ತು. ನಾನೂ ಕೇಳಲಿಲ್ಲ. ಡೈರಿಯಲ್ಲೂ ಬರೆಯದೆ ಬಿಟ್ಟಿದ್ದು ಯಾಕೆ ಅಂತ ರಾತ್ರಿಯೆಲ್ಲ ಯೋಚಿಸಿದೆ. ಅದು ನಿಮ್ಮ ಅಕ್ಕನ ದುಃಖ, ತನ್ನದಲ್ಲ ಅಂತ ಇರಬಹುದು.

ತಂಗೀ, ನಿಮ್ಮ ಅಕ್ಕನನ್ನು ಒಂದು ಸಲ ನೋಡಬೇಕು. ಅವರಿಗೆ ಇಷ್ಟ ಇದ್ದರೆ ಮಾತ್ರ.

ಆಚೆದಂಡೆ ತಂಗಿ

ಅಕ್ಕನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಆ ಹುಡುಗಿ ಜಗಳ ಮಾಡಿದ್ಲಂತಾ ಅಂತ ಕೇಳಿ, ಕಣ್ಣೊರೆಸಿಕೊಂಡು, ಬಾ ಅಂತ ಹೇಳು ಅಂದಳು.

ಭಾನುವಾರ ಬನ್ನಿ ಅಕ್ಕಾ. ಬೆಳಗಿನ ಬಸ್ಸಿಗೇ ಹೊರಡಿ. ಈಗ ಬಸ್ಸು ಸೇತುವೆ ದಾಟಿ ಸೀದಾ ಬರುತ್ತದೆ. ತುಮರಿಯಲ್ಲಿ ಇಳಿಯಿರಿ, ನಾನು ಅಲ್ಲೇ ನಿಂತಿರುತ್ತೇನೆ. ಮಗಳನ್ನೂ ಕರೆದುಕೊಂಡು ಬನ್ನಿ. ಆ ಮೂರು ಬಣ್ಣದ ಪಟ್ಟಿ ತರಲು ಹೇಳಿ. ಅಕ್ಕನ ಮೊಮ್ಮಗಳಿಗೆ ಎಂಟು ತಿಂಗಳು.